ಕೇಳದೆ ಬಿಟ್ಟ ಪ್ರಶ್ನೆ

ಮಾರ್ಚ್ ೧೪, ಗುರುವಾರ

ಪೂಜ್ಯ ಅತ್ತೆಯವರಿಗೆ,

ಸೊಸೆಯ ನಮಸ್ಕಾರ. ನಿಮ್ಮ ಮಗ ತೀರಿಕೊಂಡು ನಾಲ್ಕು ವರ್ಷವಾಯಿತು. ಅಷ್ಟೂ ದಿನ ನಿಮಗೊಂದು ಸಾಲು ಬರೆಯಲಿಲ್ಲ. ಪುರುಸೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಮುಖವಿರಲಿಲ್ಲ, ಅಷ್ಟೆ. ಮಂಡಿನೋವು ಹೇಗಿದೆ? ನಾದಿನಿ ನಿಮ್ಮ ಜೊತೆಯಲ್ಲೇ ಇದ್ದಾಳೆಂದು ತಿಳಿದು ಸಮಾಧಾನವಾಯಿತು.

ನಾನೀಗ ಜೈಲಿನಲ್ಲಿದ್ದೇನೆ. ಗಾಬರಿಯಾಗಬೇಡಿ, ಸಂಜೆ ಮನೆಗೆ ಬಿಡುತ್ತಾರೆ. ಹೊಸದಾಗಿ ಬಂದ ಕೈದಿಗಳನ್ನು ಕೂರಿಸಿಕೊಂಡು, ಯಾವ ಚಟವಿದೆ, ಮನಸ್ಸಿನ ಕಾಯಿಲೆಯೇನಾದರೂ ಇದೆಯೇ ಎಂದು ವಿಚಾರಿಸಿ ಬರೆದುಕೊಳ್ಳುವುದು ನನ್ನ ಕೆಲಸ. ಚಟಕ್ಕೊಂದು ಹಾಳೆ, ಮನಸ್ಸಿಗೊಂದು ಹಾಳೆ. ಕಿಟಕಿಯಿಲ್ಲದ ಕೋಣೆ, ನೆಲಕ್ಕೆ ಬಿಗಿದ ಎರಡು ಸ್ಟೂಲು.

ಜನವರಿಯಲ್ಲಿ ಒಬ್ಬ ವೆಲ್ಡರ್ ಬಂದ. ಕುಡಿದ ಅಮಲಿನಲ್ಲಿ ಪಕ್ಕದ ಮನೆಯವನ ತಲೆ ಒಡೆದಿದ್ದನಂತೆ. ಕೈ ನಡುಗುತ್ತಿತ್ತು, ಬೆವರು ಇಳಿಯುತ್ತಿತ್ತು. ದಿನಕ್ಕೆಷ್ಟು ಕುಡಿಯುತ್ತೀಯ ಎಂದು ಕೇಳಿ ಚಟದ ಹಾಳೆ ತುಂಬಿಸಿದೆ. ಇನ್ನೊಂದರ ಮೇಲೆ ‘ಏನೂ ಇಲ್ಲ’ ಎಂದು ಗೀಚಿದೆ. ಹೊರಗೆ ಇನ್ನೂ ಹದಿನಾರು ಜನ ಕಾಯುತ್ತಿದ್ದರು.

ಮೂರು ವಾರದ ಮೇಲೆ ಕಂಡಾಗ ನಡುಕ ಹೋಗಿತ್ತು. ಆದರೆ ಎರಡೂ ಕಿವಿಗೆ ಬನಿಯನ್ ಚೂರು ತುರುಕಿಕೊಂಡಿದ್ದ.

“ಈಗ ಹೇಗಿದ್ದೀಯಪ್ಪ?”

“ಕೈ ನಡುಗೋದು ನಿಂತಿದೆ ಮೇಡಂ. ಅವರು ಮಾತಾಡೋದು ನಿಂತಿಲ್ಲ.”

“ಯಾರು?”

“ಯಾರು ಅಂತ ಗೊತ್ತಿದ್ದಿದ್ರೆ ಜಗಳ ಆಡಿ ಮುಗಿಸ್ತಿದ್ದೆ. ಪಕ್ಕದ ಮನೆಯವನೇ ಅಂದ್ಕೊಂಡಿದ್ದೆ. ಇಲ್ಲಿಗೂ ಬಂದಿದ್ದಾರೆ.”

“ಮೊದಲು ಶುರುವಾಗಿದ್ದು ಯಾವುದು? ಕುಡಿತವೋ, ಈ ಮಾತೋ?”

“ಮಾತು. ಕುಡಿದ್ರೆ ಸ್ವಲ್ಪ ಮೆತ್ತಗೆ ಮಾತಾಡ್ತಾರೆ, ಅದಕ್ಕೇ ಹಿಡ್ಕೊಂಡೆ.”

“ಅವತ್ತೇ ಯಾಕೆ ಹೇಳ್ಲಿಲ್ಲ?”

“ನೀವು ಎಷ್ಟು ಕುಡೀತೀಯ ಅಂದ್ರಿ. ಕೇಳಿದ್ದಕ್ಕೆ ಹೇಳಿದೆ.”

ಮನೋರೋಗ ವಿಭಾಗದವರು ಮೊದಲು ಕುಡಿತ ಬಿಡಿಸಿ ತನ್ನಿ ಎಂದರು. ಚಟ ಬಿಡಿಸುವವರು ತಲೆ ಸರಿಯಿಲ್ಲದವನು ನಮಗೆ ಬೇಡ ಎಂದರು. ಎರಡೂ ಹಾಳೆ ಸೇರಿಸಿ ಪಿನ್ನು ಹೊಡೆದು ಒಂಬತ್ತು ದಿನ ಓಡಾಡಿದೆ. ಕೊನೆಗೆ ವಯಸ್ಸಾದ ಡಾಕ್ಟರೊಬ್ಬರು ಎರಡನ್ನೂ ಒಟ್ಟಿಗೆ ನೋಡಲು ಒಪ್ಪಿದರು. ಔಷಧಿ ಶುರುವಾಯಿತು. ಈಗ ರಾತ್ರಿ ನಿದ್ದೆ ಮಾಡುತ್ತಾನೆ. ಕಿವಿಯ ಬಟ್ಟೆ ತೆಗೆದಿದ್ದಾನೆ.

ಇವತ್ತು ಅವನ ಹೆಂಡತಿ ನೋಡಲು ಬಂದಿದ್ದಳು. ಅವನಿಗಿರುವುದು ಎಂಥ ಕಾಯಿಲೆ ಎಂದು ವಿವರಿಸಿದೆ. ಆಕೆ, “ಹನ್ನೊಂದು ವರ್ಷ ಬೈದೆ ಮೇಡಂ. ಯಾಕೆ ಕುಡೀತೀಯ ಅಂತ ಒಂದು ಸಲಾನೂ ಸಮಾಧಾನವಾಗಿ ಕೇಳ್ಲಿಲ್ಲ” ಎಂದಳು. ನಿಮ್ಮದೇನೂ ತಪ್ಪಿಲ್ಲ ಎಂದು ಹೇಳುವುದು ನಮ್ಮ ರೂಢಿ. ನನ್ನ ಬಾಯಿಂದ ಆ ಮಾತು ಹೊರಡಲಿಲ್ಲ. ಮನೆಗೆ ಬಂದವಳು ಈ ಕಾಗದ ಹಿಡಿದು ಕೂತಿದ್ದೇನೆ.

ಆರೋಗ್ಯ ನೋಡಿಕೊಳ್ಳಿ. ನಿಮಗೆ ಒಳ್ಳೆಯದಾಗಲಿ. ಬಾ ಎಂದರೆ ಬರುತ್ತೇನೆ.

ನಿಮ್ಮ ಸೊಸೆ

ತಾ.ಕ.: ಮರೆತು ಉಳಿದದ್ದಲ್ಲ, ಧೈರ್ಯ ಸಾಲದೆ ಕೊನೆಗಿಟ್ಟದ್ದು. ನಾನು ಮನೆ ಬಿಟ್ಟು ಹೊರಟ ದಿನ ನೀವು ಬಾಗಿಲಿಗೆ ಅಡ್ಡ ನಿಂತು, “ಇದು ಬರೀ ಕುಡಿತ ಅಲ್ಲಮ್ಮ, ಒಬ್ಬನೇ ಕೂತು ಯಾರ ಜೊತೆಗೋ ಮಾತಾಡ್ತಾನೆ, ಡಾಕ್ಟರ ಹತ್ರ ಹೋಗೋಣ” ಎಂದಿರಿ. “ಮಗನ ಕುಡಿತಕ್ಕೆ ಕಾಯಿಲೆ ಅಂತ ಹೆಸರಿಡಬೇಡಿ” ಎಂದೆ. ನಿಮ್ಮ ಮಗ ಒಳಗೆ ಮಂಚದ ಮೇಲಿದ್ದರು, ಕೇಳಿಸಿಕೊಂಡರು. ಆಮೇಲೆ ನೀವು ಎಷ್ಟು ಸಲ ಡಾಕ್ಟರ ಹತ್ತಿರ ಕರೆದರೂ ಅವರದು ಒಂದೇ ಉತ್ತರವಂತೆ, ನಾದಿನಿ ಹೇಳಿದಳು. “ನಂಗೆ ಕಾಯಿಲೆ ಇಲ್ಲಮ್ಮ. ಅವಳೇ ಹೇಳಿದ್ದಾಳಲ್ಲ.”