ಅಡ್ಡ ಮಲಗಿದ ನಾಯಿ

ಆಗಸ್ಟ್ ೪, ಭಾನುವಾರ, ಸಂಜೆ

ಕಾರ್ಡಂಗಡಿಯ ಭಾನುವಾರದ ಆಟದಲ್ಲಿ ಮತ್ತೆ ಗೆದ್ದೆ. ಇವತ್ತು ಎದುರಿಗೆ ಬ್ಯಾಂಕಿನವನು. ಅಂಗಿಗೂ ಇಸ್ತ್ರಿ, ಮುಖಕ್ಕೂ ಇಸ್ತ್ರಿ. ಇಬ್ಬರಿಗೂ ಇಪ್ಪತ್ತಿಪ್ಪತ್ತು ಪ್ರಾಣ, ಮೊದಲು ಮುಗಿದವರು ಸೋತ ಹಾಗೆ. ಅವನು ನಿಧಾನಕ್ಕೆ ಕೋಟೆ ಕಟ್ಟುತ್ತಾ ಕೂತ. ಕೋಟೆಗೆ ಬಾಗಿಲು ಇಡೋ ಹೊತ್ತಿಗೆ ನನ್ನ ಕೆಂಪು ನಾಯಿ ಕಾರ್ಡುಗಳು ಅವನನ್ನು ಹರಿದು ಮುಗಿಸಿದ್ದವು.

"ಅಜ್ಜಿ, ಸ್ವಲ್ಪ ಉಸಿರಾಡೋಕೆ ಬಿಡಿ" ಅಂದ.

"ಉಸಿರಾಡೋಕೆ ಮನೆಗೆ ಹೋಗಪ್ಪ" ಅಂದೆ. ಕಾರ್ಡಂಗಡಿಯವನು ಹೊಟ್ಟೆ ಹಿಡಿದುಕೊಂಡು ನಕ್ಕ.

ಮೊಮ್ಮಗಳು ಕಲಿಸಿದ ಆಟ. ಮನೆಯಲ್ಲಿ ಅವಳಿಗೆ ಎದುರಿಗೆ ಕೂರೋರು ಬೇಕಿತ್ತು, ಕೂತೆ. ಅವಳದು ತಾಳ್ಮೆಯ ಡೆಕ್, ಅಂದರೆ ಕಾರ್ಡಿನ ಕಟ್ಟು. ತಡಿ, ಕಾಯಿ, ಕೊನೆಗೆ ಹೊಡಿ. ನನ್ನದು ಅಗ್ರೆಸಿವ್ ಅಂತೆ. ಮೊದಲ ಸರದಿಯಿಂದಲೇ ಏಟು, ಹಿಂದೆ ಕಾವಲಿಗೆ ಒಂದನ್ನೂ ಬಿಡಬಾರದು. ಈ ವಯಸ್ಸಿಗೆ ಇಷ್ಟು ರೋಷ ಯಾಕಜ್ಜಿ ಅಂತಾರೆ ಎಲ್ಲರೂ. ಕಾಯೋಕೆ ಪುರುಸೊತ್ತಿಲ್ಲ ಅಂತೀನಿ.

ನಿಜ ಈ ಡೈರಿಯಲ್ಲಿ ಮಾತ್ರ. ಆಟ ಉದ್ದ ಆದರೆ ಏನು ಬಿತ್ತು, ಏನು ಉಳೀತು, ತಲೆಯಲ್ಲಿ ನಿಲ್ಲಲ್ಲ. ಬೇಗ ಹೊಡೆದು ಮುಗಿಸಿದರೆ ಯಾರಿಗೂ ಗೊತ್ತಾಗಲ್ಲ.

ಆಗಸ್ಟ್ ೭

"ಅತ್ತೆ, ಬರೀ ಪಾತ್ರೆ ಕಾಯ್ತಿದೆ" ಅಂತ ಸೊಸೆ ಓಡಿ ಬಂದಳು.

"ಗೊತ್ತು. ತೇವ ಆರಲಿ ಅಂತ ಇಟ್ಟೆ."

ನಾಲಿಗೆ ಇನ್ನೂ ಕೈಕೊಟ್ಟಿಲ್ಲ, ಪುಣ್ಯ. ಆದರೆ ಪಾತ್ರೆ ಇಟ್ಟದ್ದು ಯಾವಾಗ... ಏನಕ್ಕೆ...

ಅಕ್ಕನಿಗೂ ಹೀಗೇ ಶುರುವಾದದ್ದು. ಮೊದಲು ಸ್ಟೌವಿನ ನಾಬ್ ಕಿತ್ತು ಬೀರುವಿನಲ್ಲಿಟ್ಟರು. ಆಮೇಲೆ ಅವಳ ಕೋಣೆ ಬಾಗಿಲಿಗೆ ಹೊರಗಡೆಯಿಂದ ಚಿಲಕ. ಅವಳ ಒಳ್ಳೇದಕ್ಕೇ ಅಂದರು. ಇರಬಹುದು. ನಾನು ಕೇಳಿದ್ದು ಒಳಗಿಂದ ಬಡಿಯೋ ಸದ್ದು.

ಆಗಸ್ಟ್ ೧೧, ಭಾನುವಾರ

ಬರೆಯೋಕೆ ಕೈ ಬರ್ತಿಲ್ಲ. ಬರೀಬೇಕು.

ಈ ಆಟದಲ್ಲಿ ಹೊಡೆದ ಕಾರ್ಡನ್ನು ಅಡ್ಡ ಮಲಗಿಸಬೇಕು. ಮತ್ತೆ ನಮ್ಮ ಸರದಿ ಬಂದಾಗಲೇ ಎಬ್ಬಿಸೋದು. ಒಂದು ಸರದಿಗೆ ಒಂದು ಕಾರ್ಡಿಗೆ ಒಂದೇ ಏಟು. ನನ್ನ ಕೈಗೆ ಒಂದು ಹಾಳು ಚಾಳಿ. ಸೊಟ್ಟಗೆ ಕಂಡದ್ದನ್ನೆಲ್ಲ ನೆಟ್ಟಗೆ ಮಾಡುತ್ತೆ. ಚಪ್ಪಲಿ, ಚಮಚ, ಗೋಡೆ ಮೇಲಿನ ಫೋಟೋ. ಮಲಗಿದ್ದ ನಾಯಿಯನ್ನೂ ನೆಟ್ಟಗೆ ಮಾಡಿದೆ ಅಂತ ಕಾಣುತ್ತೆ. ಆಮೇಲೆ ನೋಡಿದೆ, ನಿಂತಿದೆ. ಹೊಡೆದೆ.

ಎದುರಿಗಿದ್ದವಳು ಮೆಡಿಕಲ್ ಶಾಪಿನವಳು. "ಅಜ್ಜಿ, ಅದು ಆಗಲೇ ಹೊಡೀತು."

"ಯಾವಾಗ?"

"ಈಗ್ತಾನೆ."

ನೆನಪಿಲ್ಲ. ಒಂದು ಚೂರೂ ಇಲ್ಲ. ಕತ್ತಲಲ್ಲಿ ಮೆಟ್ಟಿಲು ಇದೆ ಅಂತ ಕಾಲಿಟ್ಟ ಹಾಗಾಯ್ತು.

ಆಟದ ತೀರ್ಪು ಹೇಳೋ ಜಡ್ಜ್ ಬಂದ. "ಬೇಕಂತಲೇ ಮಾಡಿದ್ರಾ ಅಜ್ಜಿ?"

ಮೊಮ್ಮಗಳು ನನ್ನನ್ನೇ ನೋಡ್ತಿದ್ದಳು. ಮರೆತೆ ಅಂದಿದ್ದರೆ ಆಗ್ತಿತ್ತು. "ನಡೆದರೆ ನಡೀಲಿ ಅಂತ ಮಾಡಿದೆ. ಸಿಕ್ಕಿಬಿದ್ದೆ" ಅಂದು ಹಲ್ಲು ಕಿರಿದೆ.

ಆಟ ಹೋಯ್ತು. ವಯಸ್ಸು ನೋಡಿ ಎಚ್ಚರಿಕೆ ಕೊಟ್ಟು ಬಿಟ್ಟ. ಇನ್ನೊಂದು ಸಲ ಆದರೆ ಹೊರಗೆ. ಜೋಡಿ ಪಂದ್ಯದಲ್ಲಿ ಆದರೆ ಜೊತೆಗಾರರೂ ಹೊರಗೆ.

ಮೊಮ್ಮಗಳು ಬಸ್‌ಸ್ಟ್ಯಾಂಡಿನವರೆಗೂ ಮುಂದೆ ಮುಂದೆ ನಡೆದಳು. "ನೀನು ಮೋಸ ಮಾಡ್ತೀಯ ಅಂದ್ಕೊಂಡಿರ್ಲಿಲ್ಲ" ಅಂದಳು. ಅಷ್ಟೇ.

ಕಳ್ಳಿ ಅಂದುಕೊಳ್ಳಲಿ. ಕಳ್ಳರನ್ನೂ ಕೂಡಿಹಾಕ್ತಾರೆ. ಆದರೆ ಅವರಿಗೆ ಬಿಡೋ ದಿನ ಅಂತ ಒಂದಿರುತ್ತೆ.

ಆಗಸ್ಟ್ ೧೪

ಬಂದಳು ಮಹಾರಾಣಿ. ಬಾಗಿಲಲ್ಲೇ ನಿಂತು, "ಜೋಡಿ ಪಂದ್ಯಕ್ಕೆ ನಿನ್ನ ಹೆಸರೇ ಕೊಟ್ಟಿದ್ದೀನಿ. ಮೋಸ ಮಾಡಲ್ಲ ಅಂತ ಮಾತು ಕೊಡು" ಅಂದಳು. ಈ ಪಂದ್ಯಕ್ಕೆ ಅಂತಲೇ ವರ್ಷವೆಲ್ಲ ಕಾದಿದ್ದಾಳೆ. ಮಾತು ಕೊಟ್ಟೆ. ಮೋಸ ಮಾಡಲ್ಲ ಅನ್ನೋದು ಸುಲಭ. ಮರೆಯಲ್ಲ ಅಂತ ಕೇಳಿದ್ದರೆ?

ಹೊಲಿಗೆ ಡಬ್ಬಿಯಿಂದ ಗುಂಡಿಗಳನ್ನು ತೆಗೆದಿಟ್ಟೆ. ಹೊಡೆದ ಕೂಡಲೇ ಕಾರ್ಡಿನ ಮೇಲೊಂದು ಗುಂಡಿ. ನನ್ನ ಸರದಿ ಶುರುವಾದಾಗ ಎಲ್ಲ ತೆಗೆಯೋದು. ಕೈ ನೆಟ್ಟಗೆ ಮಾಡಿದರೂ ಗುಂಡಿ ಹೇಳುತ್ತೆ.

ಆಗಸ್ಟ್ ೨೧

ಇವತ್ತು ಬರೆಯೋದು ಏನೋ ಇತ್ತು.

ಆಗಸ್ಟ್ ೨೫, ಭಾನುವಾರ, ಐದು ಗಂಟೆ

ಕೊನೇ ಸುತ್ತು. ಮೊಮ್ಮಗಳು ಪಕ್ಕದ ಕುರ್ಚಿಯಲ್ಲಿ ತನ್ನ ಆಟ ಗೆದ್ದು ಕೈಕಟ್ಟಿ ಕೂತಿದ್ದಳು. ನಾನು ಗೆದ್ದರೆ ಇಬ್ಬರೂ ಗೆದ್ದ ಹಾಗೆ. ಎದುರಿಗೆ ಮತ್ತೆ ಅದೇ ಮೆಡಿಕಲ್ ಶಾಪಿನವಳು. ಎಲ್ಲ ಏಟನ್ನೂ ತಡೀತಾ ತಡೀತಾ ಆಟ ಎಳೆದಳು. ಎಳೆದಷ್ಟೂ ನನಗೆ ಬೆವರು.

ಅವಳದು ಮೂರೇ ಪ್ರಾಣ, ತಡೆಯೋಕೆ ಏನೂ ಉಳಿದಿರಲಿಲ್ಲ. ನನ್ನ ದೊಡ್ಡ ನಾಯಿಯ ಒಂದೇಟಿಗೆ ಮೂರು ಪ್ರಾಣ ಹೋಗುತ್ತೆ. ಹೊಡೀಬೇಕು ಅಂತ ಕೈ ಚಾಚಿದೆ.

ನಾಯಿ ನೆಟ್ಟಗೆ ನಿಂತಿದೆ. ಬೆನ್ನ ಮೇಲೆ ಗುಂಡಿ.

ಹಿಂದಿನ ಸರದಿಯದನ್ನು ತೆಗೆಯೋಕೆ ಮರೆತೆನಾ? ಈಗ ಹೊಡೆದು ಇಟ್ಟದ್ದಾ? ಅವಳು ತಡೆದಿದ್ದರೆ ಪ್ರಾಣದ ಲೆಕ್ಕ ನೋಡಿದರೂ ಗೊತ್ತಾಗಲ್ಲ. ತಲೆ ತಡಕಿದೆ. ಬಿಳೀ ಗೋಡೆ. ಸುಮ್ಮನೆ ಸರದಿ ಬಿಟ್ಟರೆ ಕಾವಲಿಲ್ಲದ ನಾನು ಮುಂದಿನ ಏಟಿಗೆ ಸತ್ತೆ. ತಪ್ಪಿ ಹೊಡೆದರೆ ಮೊಮ್ಮಗಳೂ ಹೊರಗೆ, ನನ್ನ ಜೊತೆ ಅವಳಿಗೂ ಕಳ್ಳಿ ಅನ್ನೋ ಹೆಸರು.

ಬಾಯಿಬಿಟ್ಟೆ. "ತಾಯಿ, ಈ ನಾಯಿ ಈ ಸಲ ಹೊಡೀತಾ? ನನಗೆ ನೆನಪಾಗ್ತಿಲ್ಲ."

ಪಕ್ಕದಲ್ಲಿ ಕುರ್ಚಿ ಕಿರ್ ಅಂತು.

ಮೆಡಿಕಲ್ ಶಾಪಿನವಳು ಕಾರ್ಡು ನೋಡಲಿಲ್ಲ, ನನ್ನ ಮುಖ ನೋಡಿದಳು. ದಿನಾ ನನ್ನಂಥ ಎಷ್ಟು ಜನಕ್ಕೆ ಮಾತ್ರೆ ಕೊಡ್ತಾಳೋ. "ಇಲ್ಲ ಅಜ್ಜಿ. ಇನ್ನೂ ಹೊಡೆದಿಲ್ಲ. ಹೊಡೀರಿ" ಅಂದಳು.

ಹೊಡೆದೆ. ಎಲ್ಲರೂ ಚಪ್ಪಾಳೆ ತಟ್ಟಿದರು, ಮೊಮ್ಮಗಳನ್ನು ಬಿಟ್ಟು.

ಬಸ್ಸಿನಲ್ಲಿ ನನ್ನ ಕೈ ಹಿಡಿದು ಕೂತಳು.

"ಎಷ್ಟು ದಿನದಿಂದ?"

"ಏನು?"

"ಅಜ್ಜೀ."

ನಾನು ಹೊರಗೆ ನೋಡಿದೆ.

"ಆವತ್ತು ಮೋಸ ಮಾಡಿದ್ದಲ್ಲ, ಅಲ್ವಾ?"

"ಮೋಸವೇ. ನಿಮ್ಮಪ್ಪನಾಣೆ."

"ಸುಳ್ಳಿ." ನಕ್ಕಳು, ಕಣ್ಣು ಒರೆಸಿಕೊಂಡಳು. "ಅಪ್ಪನಿಗೆ ಹೇಳಲೇಬೇಕು."

"ಹೇಳು. ನಾಳೆಯಿಂದ ಗೋಡೆ ಜೊತೆ ಆಡು."

ಅವಳು ಕೈ ಬಿಡಲಿಲ್ಲ. ಹೇಳಲ್ಲ ಅಂತಲೂ ಅನ್ನಲಿಲ್ಲ.

ಅದೇ ದಿನ, ಏಳು ಗಂಟೆ

ಅಡುಗೆಮನೆಯಲ್ಲಿ ಮೂವರೂ ಕೂತಿದ್ದಾರೆ. ಇಷ್ಟು ಹೊತ್ತು ಕಪ್ ಗೆದ್ದ ಸುದ್ದಿಗೆ ಗಲಾಟೆ ಇತ್ತು. ಈಗ ಮಗನ ದನಿ ಇಳಿದಿದೆ. ಸೊಸೆ "ಸ್ಟೌವು" ಅಂದದ್ದು ಕೇಳಿಸಿತು. ಮೊಮ್ಮಗಳು "ಹಾಗಲ್ಲಪ್ಪಾ" ಅಂದಳು. ಎರಡು ಸಲ ಅಂದಳು. ಆಮೇಲೆ ಅವಳ ದನಿಯೂ ಇಲ್ಲ.

ಕುರ್ಚಿ ಸರಿದ ಸದ್ದು. ಒಬ್ಬರದಲ್ಲ ಹೆಜ್ಜೆ.

ನನ್ನ ಕೋಣೆ ಬಾಗಿಲಿಗೆ ಹೊರಗಡೆ ಚಿಲಕ ಇದೆಯಾ? ಮದುವೆಯಾಗಿ ಬಂದಾಗಿನಿಂದ ಇದೇ ಬಾಗಿಲು. ದಿನಾ ತೆಗೀತೀನಿ, ಹಾಕ್ತೀನಿ. ಇದೆಯಾ, ಇಲ್ಲವಾ... ಎದ್ದು ನೋಡಬೇಕು, ಅವರು ಬರೋ ಮೊದಲು —