ಓವನ್ನಿನಲ್ಲಿ ಸುಟ್ಟ ಕೈ

ರಸೆಲ್,

ಇನ್ನು ಮೇಲೆ ಬಾಗಿಲು ತೆಗೆದು ನೋಡದೆ ಓವನ್ ಆನ್ ಮಾಡಬೇಡ. ನಿನ್ನೆ ನೀನು ಪಿಜ್ಜಾಕ್ಕೆಂದು ಅದನ್ನು ಕಾಯಲು ಬಿಟ್ಟೆ, ಒಳಗೆ ಒಣಗಲಿಟ್ಟಿದ್ದ, ನಮ್ಮ ಟಿಲ್ಲಿ ಹಿಟ್ಟಿನ ಮೇಲೆ ಒತ್ತಿದ್ದ ಕೈಯಚ್ಚು ಕರಕಲಾಯಿತು. ಸಾಲದ್ದಕ್ಕೆ ನೀನು, "ಹಿಟ್ಟು ತಾನೇ, ಬಿಡು" ಅಂದೆ.

ಉಪ್ಪು ಹಾಕಿ ಹೊಸ ಹಿಟ್ಟು ಕಲಸಿ ಫ್ರಿಜ್ಜಿನಲ್ಲಿಟ್ಟಿದ್ದೇನೆ. ಇವತ್ತು ಅವಳ ಶಾಲೆಯ ಮೊದಲ ದಿನ, ಬಸ್ಸು ಬರುವ ಮೊದಲೇ ಅವಳ ಕೈ ಒತ್ತಿಸು. ಸಂಜೆ ಒತ್ತಿದರೆ ಅದು ಕಿಂಡರ್‌ಗಾರ್ಟನ್‌ಗೆ ಹೋಗಿ ಬಂದ ಕೈ, ನನಗೆ ಬೇಡ. ಅವಳ ಕೈಮೇಲೆ ನಿನ್ನ ಕೈಯಿಟ್ಟು ಅದುಮಬೇಡ, ಅವಳೇ ಒತ್ತಲಿ. ಇವತ್ತೂ ನನಗೆ ಆಸ್ಪತ್ರೆಯ ಕೆಲಸಕ್ಕೆ ರಜೆ ಕೊಡಲಿಲ್ಲ, ಆ ಸಿಟ್ಟೂ ಇದರಲ್ಲಿ ಸೇರಿದೆ.

ನಾನು ಕಸಕ್ಕೆಸೆದ ಕರಕಲು ಈಗ ಅವಳ ಶಾಲೆಯ ಚೀಲದಲ್ಲಿದೆ. ತೆಗೆಯಹೋದರೆ ನಿದ್ದೆಗಣ್ಣಲ್ಲೇ ಎದ್ದು, "ಎಸೀಬೇಡಮ್ಮಾ. ಅಪ್ಪ ಗ್ಯಾರೇಜಲ್ಲಿ ಇದನ್ನ ಹಿಡ್ಕೊಂಡು ಅಳ್ತಿದ್ದ" ಅಂದಳು.

ಹಿಟ್ಟು ತಾನೇ, ರಸೆಲ್?

ಡೋರಿನ್