ಕಾಡುಜ್ವರ ಸೋಸಿದ ರಕ್ತ

ಸುರಿನ್
೧೪ ಮಾರ್ಚ್ ೨೦೧೮

ಪ್ರೀತಿಯ ಪಿಸಮೈ ಅಕ್ಕನಿಗೆ,

ಹೇಗಿದ್ದೀಯೆ? ನಿನ್ನ ಮಗ ತೋನ್‌ನ ಚಿತೆಯ ಹತ್ತಿರ ನಿನ್ನನ್ನು ನೋಡಿದ್ದೇ ಕಡೆ. ನಾಲ್ಕು ವರ್ಷ ಒಂದು ಸಾಲೂ ಬರೆಯಲಿಲ್ಲ, ಕ್ಷಮಿಸು. ಈಗ ಸಿಟ್ಟು ಬರೆಸುತ್ತಿದೆ.

ಥೋಂಗ್‌ದಾಮ್ ಜೊತೆ ನನ್ನ ಮದುವೆ ಗೊತ್ತಾಗಿತ್ತು. ಜೀವ ಮೈಬಿಟ್ಟು ಅಲೆಯದಿರಲಿ ಎಂದು ಹಿರಿಯರು ಕೈಗೆ ಬಿಳಿ ದಾರ ಕಟ್ಟಿ ಹರಸಿದ್ದೂ ಆಯಿತು. ಮರುದಿನ ರಕ್ತಪರೀಕ್ಷೆಯ ಚೀಟಿ ಬಂತು: ನಮ್ಮಿಬ್ಬರಲ್ಲೂ ಥಲಸ್ಸೀಮಿಯಾ ಎಂಬ ರಕ್ತದ ಕಾಯಿಲೆಯ ಅಂಶವಿದೆ. ಅವನ ತಾಯಿ ಅವನನ್ನೂ ಕರೆದುಕೊಂಡು ಎಲೆಯಡಿಕೆ ಜಗಿಯುತ್ತಲೇ ನಮ್ಮ ಮನೆಗೆ ಬಂದರು.

"ತೋನ್ ಹೊಟ್ಟೆ ಊದ್ಕೊಂಡು ಹೋಗಿದ್ದು ಇದರಿಂದ್ಲೇ ತಾನೆ? ನಿಮ್ಮಕ್ಕ ಬಸುರೀಲಿ ಜೀವಂತ ಮೀನು ಸೀಳಿ ಮಾರಿದ್ಳು. ಆ ಪಾಪ ನಿಮ್ಮನೆ ರಕ್ತಕ್ಕೇ ಅಂಟಿದೆ!"

ಹಾಗೆನ್ನುತ್ತ ಅಡಕತ್ತರಿಯಿಂದ ನನ್ನ ಕೈದಾರ ಕತ್ತರಿಸಿಬಿಟ್ಟರು. ಅದನ್ನು ಬಿಚ್ಚಬೇಕು, ಕತ್ತರಿಸಬಾರದು ಅಂತ ಮಕ್ಕಳಿಗೂ ಗೊತ್ತು.

"ನಿಮ್ಮ ಮಗನ ಚೀಟೀಲೂ ಅದೇ ಇದೆಯಲ್ಲಮ್ಮ?" ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

"ಅವನಿಗೆ ನಿನ್ನ ಸಹವಾಸದಿಂದ ಬಂದಿರುತ್ತೆ!"

ಥೋಂಗ್‌ದಾಮ್ ತನ್ನ ಚೀಟಿಯನ್ನು ಮಡಚಿ ಜೇಬಿಗಿಟ್ಟುಕೊಂಡ.

ನೇರ ಆಸ್ಪತ್ರೆಗೆ ಹೋದೆ. ಡಾಕ್ಟರಮ್ಮ ಕೂರಿಸಿ ಹೇಳಿದರು: "ಪಾಪಾನೂ ಇಲ್ಲ, ಗೀಪಾನೂ ಇಲ್ಲ. ನಿಮ್ಮ ಹಿರೀಕರು ಮಲೇರಿಯಾ ಕಾಡಲ್ಲಿ ಬಾಳಿದೋರು. ಈ ಅಂಶ ಒಂದು ಪಾಲು ಇದ್ದ ಮಕ್ಕಳು ಜ್ವರಕ್ಕೆ ಅಷ್ಟಾಗಿ ಸಾಯ್ಲಿಲ್ಲ. ಅವರೇ ಬೆಳೆದು ಮಕ್ಕಳು ಹಡೆದ್ರು, ಹಾಗೇ ಹರಡ್ತು. ಯಾರೂ ಆರಿಸಿದ್ದಲ್ಲ, ಸಾವು ಜರಡಿ ಹಿಡಿದದ್ದು. ಅಪ್ಪ, ಅಮ್ಮ ಇಬ್ಬರಿಂದ್ಲೂ ಬಂದ್ರೆ ಮಾತ್ರ ಮಗುವಿಗೆ ಕುತ್ತು."

ನಮ್ಮ ಅಜ್ಜ ಅಜ್ಜಿಯರನ್ನು ಉಳಿಸಿದ್ದೇ ತೋನ್‌ನನ್ನು ಕೊಂದಿತು, ಅಕ್ಕ. ಇಷ್ಟನ್ನು ಆಗ ಹೇಳಲು ಒಬ್ಬರಿಗೂ ಬಾಯಿರಲಿಲ್ಲವೇ? ಅರ್ಧ ಭಾವನಿಂದಲೂ ಬಂದಿತ್ತು. ಅವನನ್ನು ಯಾರೂ ಕೇಳಲಿಲ್ಲ. ಸಂತೆಯಲ್ಲಿ ಮೀನು ಸೀಳುವ ಹೆಂಗಸರೆಲ್ಲ ಗಟ್ಟಿಮುಟ್ಟಾದ ಮಕ್ಕಳನ್ನು ಕಂಕುಳಲ್ಲಿ ಹೊತ್ತಿದ್ದದ್ದು ಊರಿಗೆ ಕಾಣಲಿಲ್ಲ!

ಥೋಂಗ್‌ದಾಮ್‌ಗೆ ಹೇಳಿದ್ದೇನೆ: "ನಿಮ್ಮಮ್ಮನ ಮುಂದೆ ನಿನ್ನ ಚೀಟಿ ಗಟ್ಟಿಯಾಗಿ ಓದು, ಆಮೇಲೆ ಬಾ." ಇನ್ನೂ ಬಂದಿಲ್ಲ. ಬರದಿದ್ದರೂ ಸರಿ.

ನಿನ್ನ ಜೀವ ಎಲ್ಲೂ ಅಲೆಯದೆ ನಿನ್ನ ಮೈಯಲ್ಲೇ ನೆಮ್ಮದಿಯಾಗಿರಲಿ.

ನಿನ್ನ ತಂಗಿ,
ದಾರಿನ್

ಮತ್ತೆ: ಮೀನಿನ ಆ ಮಾತನ್ನು ಹುಟ್ಟಿಸಿದ್ದು ಊರಲ್ಲ. ತೋನ್ ಆಸ್ಪತ್ರೆಯಲ್ಲಿದ್ದಾಗ ಅಮ್ಮ "ಯಾಕೆ ಹೀಗಾಯ್ತೇ?" ಎಂದು ಅತ್ತಳು. ಮೊದಲು ಹೇಳಿದವಳು ನಾನು. ಅಮ್ಮ ನಂಬಿದಳು, ನಿನ್ನನ್ನು ಮತ್ತೆ ಮನೆಗೆ ಕರೆಯಲಿಲ್ಲ. ನೀನು ಮೀನು ಸೀಳುತ್ತಿದ್ದದ್ದು ನನ್ನನ್ನು ಓದಿಸಲು.